ಕ್ರೇನಿನಿಂದಿಳಿದ ಕ್ಯಾಮೆರಾ
ಚಲಚ್ಚಿತ್ರಕಲೆಯ ಇತಿಹಾಸದಲ್ಲಿ, ನಟನಟಿಯರ ಹೆಸರುಗಳನ್ನು ಕಂಠಸ್ಥ ಮಾಡಿಕೊಳ್ಳುವ ಪ್ರೇಕ್ಷಕವರ್ಗವು ಪ್ರಾಯಶಃ ಗಮನಿಸದೆ ಹೋದ ಸಾಹಸವೊಂದುಂಟು. ಜಾನಪದ ಗಾಯಕ ವುಡಿ ಗಥ್ರಿಯ ಜೀವನವನ್ನಾಧರಿಸಿ ಹಾಲ್ ಆಶ್‌ಬಿ ನಿರ್ದೇಶಿಸಿದ, 1976ರಲ್ಲಿ ತೆರೆಕಂಡ ‘ಬೌಂಡ್ ಫಾರ್ ಗ್ಲೋರಿ’ ಎಂಬ ಅಮೆರಿಕದ ಚಿತ್ರಕ್ಕಾಗಿ, ಕ್ಯಾಮೆರಾವನ್ನು ಅಲುಗದಂತೆ ಹಿಡಿಯಲು ತಾವೇ ರೂಪಿಸಿದ ಸ್ಟೆಡಿಕ್ಯಾಮ್ ಉಪಕರಣವನ್ನು ಮೈಗೆ ಬಿಗಿದುಕೊಂಡು ಕ್ರೇನನ್ನೇರಿದ ಗ್ಯಾರೆಟ್ ಬ್ರೌನ್ ಅವರು, ವಲಸೆ ಕಾರ್ಮಿಕರ ಶಿಬಿರದ ಮೇಲಿನಿಂದ ಮೆಲ್ಲಮೆಲ್ಲನೆ ಕೆಳಗೆ ಬಂದು, ಚಿತ್ರೀಕರಣವನ್ನು ಕ್ಷಣಮಾತ್ರವೂ ನಿಲ್ಲಿಸದೆ ನೆಲಕ್ಕೆ ಕಾಲಿಟ್ಟು, ಜನಸಂದಣಿಯ ನಡುವೆ ನಾಯಕನನ್ನು ಹಿಂಬಾಲಿಸಿ ನಡೆದರು. ಆ ಉಪಕರಣದ ಸ್ಪ್ರಿಂಗುಗಳುಳ್ಳ ಬಾಹುವು ಹೆಜ್ಜೆಯ ಕುಲುಕಾಟವನ್ನೆಲ್ಲ ಹೀರಿಕೊಳ್ಳುವುದರಿಂದ ದೃಶ್ಯವು ಅಲುಗದೆ ಮೂಡುವುದೇನೋ ನಿಜ. ಆದರೆ ಅಪಾಯವಿರುವುದು ಇಳಿಯುವ ಗಳಿಗೆಯಲ್ಲಿ: ಕ್ರೇನಿನ ಒಂದು ತುದಿಯಲ್ಲಿರುವ ಮನುಷ್ಯನ ತೂಕಕ್ಕೆ ಸರಿಯಾಗಿ ಇನ್ನೊಂದು ತುದಿಯಲ್ಲಿ ಪ್ರತಿಭಾರವನ್ನು ಹೇರಿರುವುದರಿಂದ, ಅವನು ಇಳಿದೊಡನೆ ಸಹಾಯಕರು ಅವನಿದ್ದ ತುದಿಯನ್ನು ಅದುಮಿ ಹಿಡಿಯದಿದ್ದರೆ ತೋಳು ಬಾವಿಯ ಏತದಂತೆ ಥಟ್ಟನೆ ಮೇಲಕ್ಕೆ ಚಿಮ್ಮೀತು. ಆ ಚಿತ್ರದ ಛಾಯಾಗ್ರಹಣಕ್ಕೆ ಹ್ಯಾಸ್ಕೆಲ್ ವೆಕ್ಸ್ಲರ್ ಆಸ್ಕರ್ ಪಡೆದರು; ಬ್ರೌನರ ಆವಿಷ್ಕಾರಕ್ಕೂ 1978ರಲ್ಲಿ ಅಕಾಡೆಮಿಯ ಮನ್ನಣೆ ದೊರೆಯಿತು. ಆ ಕೀರ್ತಿಯಲ್ಲಿ, ಕ್ರೇನಿನ ಬಳಿ ಭಾರವನ್ನು ಕಾದು ನಿಂತ ಅನಾಮಧೇಯರಿಗೂ ನ್ಯಾಯವಾದ ಪಾಲು ಸಲ್ಲತಕ್ಕದ್ದು.