ಕೈಗೆ ಬಿಡುವಿಲ್ಲ, ಕಿವಿಗೆ ಇದೆ

"ಪದ್ಯ ಕೇಳಿದ್ರೆ ಗೂಡಿಗೆ ರೇಟ್ ಜಾಸ್ತಿ ಆಗುತ್ತಾ?" ಪಾಡ್‌ಕಾಸ್ಟ್ ಅಂದ ತಕ್ಷಣ ನಮ್ಮ ಕಡೆ ಬರೋ ಮೊದಲ ಮಾತು ಇದು. ಆಗಲ್ಲ. ರೀಲ್ಸ್ ನೋಡಿದ್ರೂ ಆಗಲ್ಲ. ಅದನ್ನ ಮಾತ್ರ ಯಾರೂ ಪ್ರಶ್ನೆ ಮಾಡಲ್ಲ.

ಪಾಡ್‌ಕಾಸ್ಟ್ ಅಂದ್ರೆ ನಮಗೆ ಬಿಡುವಾದಾಗ ಹಾಕ್ಕೊಂಡು ಕೇಳೋ ರೇಡಿಯೋ, ಅಷ್ಟೇ. ರೇಷ್ಮೆ ಲೆಕ್ಕವನ್ನೇ ತಗೊಳ್ಳಿ. ನಾಲ್ಕನೇ ಜ್ವರ ಎದ್ದ ಹುಳ ಚಂದ್ರಿಕೆಗೆ ಹೋಗೋವರೆಗೆ ಒಂದು ವಾರ ಚಿಲ್ಲರೆ. ಇಡೀ ಬೆಳೆಗೆ ಬೇಕಾದ ಸೊಪ್ಪಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಆ ದಿನಗಳಲ್ಲೇ ಖರ್ಚು. ಕೊಯ್ಯೋದು, ಹೊರೋದು, ಹಾಕೋದು. ಕೈಗೂ ಕಣ್ಣಿಗೂ ಬಿಡುವಿಲ್ಲ, ಕಿವಿ ಮಾತ್ರ ಖಾಲಿ. ವಿಡಿಯೋ ನೋಡಬೇಕಂದ್ರೆ ಕೆಲಸ ನಿಲ್ಲಬೇಕು, ಕೇಳೋದಕ್ಕೆ ನಿಲ್ಲಬೇಕಿಲ್ಲ. ಹೊಲ ಖಾಲಿ ಬಿಟ್ರೆ ಪಾರ್ಥೇನಿಯಂ ಬರುತ್ತೆ. ಕಿವಿಯೂ ಅಷ್ಟೇ.

ಎರಡನೇ ತಕರಾರು: "ಕವಿತೆ ಓದಿಕೊಂಡೋರಿಗೆ, ನಮಗಲ್ಲ." ಈ ಮಾತನ್ನ ಕೈವಾರ ಇರೋ ಚಿಂತಾಮಣಿ ತಾಲ್ಲೂಕಿನವರು ಹೇಳಬಾರದು. ಬಳೆ ಮಾರ್ತಿದ್ದ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ಪದ ಕಟ್ಟಿದ್ರು. ನಮ್ಮ ಹಿರಿಯರು ಅವನ್ನ ಪುಸ್ತಕದಿಂದ ಕಲಿತರಾ? ಭಜನೆಯಲ್ಲಿ ಕೂತು ಕಿವಿಯಿಂದ ಕಲಿತರು. ಶಿಡ್ಲಘಟ್ಟ ತಾಲ್ಲೂಕು ಚೀಮಂಗಲದಲ್ಲಿ ಹುಟ್ಟಿದ ಬಿ.ಆರ್. ಲಕ್ಷ್ಮಣರಾವ್ ಅವರ ಕವಿತೆಗಳೂ ಭಾವಗೀತೆಗಳಾಗಿ, ಕ್ಯಾಸೆಟ್ಟಿನಲ್ಲೇ ಎಷ್ಟೋ ಮನೆ ಸೇರಿದ್ದು. ಓದೋ ಕವಿತೆ ಮೊನ್ನೆಯದು, ಕೇಳೋ ಕವಿತೆ ನಮ್ಮ ಹಳೇ ಆಸ್ತಿ.

ಇನ್ನು ಮಾತುಕತೆ. ಟಿವಿ ಚರ್ಚೆ ನೋಡಿ ನೋಡಿ ನಾವೂ ಹೋಟೆಲ್ ಮುಂದೆ ಕಿರುಚೋದು ಕಲಿತಿದ್ದೀವಿ. ನಮ್ಮ ಕೆರೆಗಳಿಗೆ ಬರ್ತಿರೋ ಎಚ್.ಎನ್. ವ್ಯಾಲಿ ನೀರನ್ನೇ ನೋಡಿ. ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧ ಆದ್ರೆ ಸಾಕಾ, ಮೂರನೇ ಹಂತ ಬೇಕಾ? ಬೋರ್‌ವೆಲ್ಲಿಗೆ, ತರಕಾರಿಗೆ, ದನಕ್ಕೆ ಏನಾಗುತ್ತೆ? ಇದು ಮೂವತ್ತು ಸೆಕೆಂಡಿನಲ್ಲಿ ಮುಗಿಯೋ ಪ್ರಶ್ನೆಯಾ? ಗೊತ್ತಿರೋರು ಒಂದು ಗಂಟೆ ನಿಧಾನಕ್ಕೆ ಮಾತಾಡಬೇಕು, ನಾವು ಒಂದು ಗಂಟೆ ಕೇಳಬೇಕು. ಕೇಳೋ ಅಭ್ಯಾಸ ಹೋದ್ರೆ, ನಮ್ಮ ನೀರಿನ ಬಗ್ಗೆ ಬೇರೆಯವರು ತೀರ್ಮಾನ ಮಾಡ್ತಾರೆ, ನಾವು ಪಾರ್ಟಿ ಹೆಸರಲ್ಲಿ ಜಗಳ ಆಡ್ತಾ ಕೂತಿರ್ತೀವಿ.

ಪಾಡ್‌ಕಾಸ್ಟ್ ಮಾಡೋರಿಗೂ ಒಂದು ಮಾತಿದೆ. 'ತಲೆ-ಹರಟೆ' ಅಂತ ಕನ್ನಡದ್ದೊಂದು ಇದೆ. ಹೆಸರು ಹಾಗಿದ್ರೂ, ವಿಷಯ ಗೊತ್ತಿರೋರನ್ನ ಕೂರಿಸಿ ಕೇಳೋ ಗಂಭೀರ ಕೆಲಸ. ಇಂಥವು ಇನ್ನೂ ಬೇಕು. ಆದರೆ ರೈತರ ಬಗ್ಗೆ ಬೆಂಗಳೂರಿನ ರೂಮಲ್ಲಿ ಕೂತು ಮಾತಾಡಿದ್ರೆ ಸಾಲದು ಸ್ವಾಮಿ. ಶಿಡ್ಲಘಟ್ಟ ಗೂಡಿನ ಮಾರ್ಕೆಟ್ಟಿಗೆ ಬನ್ನಿ, ಗೌರಿಬಿದನೂರಿನ ಜೋಳದ ಹೊಲಕ್ಕೆ ಬನ್ನಿ. ತೆಲುಗು ಬೆರೆತ ನಮ್ಮ ಕನ್ನಡವನ್ನ ತಿದ್ದದೆ ರೆಕಾರ್ಡ್ ಮಾಡಿ. ಅವರು ಬರೋವರೆಗೆ ನಾವೂ ಕಾಯಬೇಕಿಲ್ಲ. ತತ್ವಪದ ಹಾಡೋ ಅಜ್ಜಿ ಊರಲ್ಲಿದ್ದಾರೆ, ಫೋನು ಎಲ್ಲರ ಜೇಬಲ್ಲೂ ಇದೆ.

ಒಂದು ಎಚ್ಚರಿಕೆ. ಔಷಧಿ ಹೊಡೆಯೋವಾಗ, ಮೇವು ಕತ್ತರಿಸೋ ಮಿಷನ್ ಹತ್ರ, ಟ್ರ್ಯಾಕ್ಟರ್ ಮೇಲೆ ಬೇಡ. ಅಲ್ಲಿ ಕಿವಿಗೂ ಕೆಲಸ ಇದೆ.

ನೆಟ್ ಸಿಗೋ ಕಡೆ ಡೌನ್‌ಲೋಡ್ ಮಾಡ್ಕೊಂಡು, ಹುಳದ ಮನೇಲಿ ಸ್ಪೀಕರಿಗೆ ಹಾಕಿ. ಸೊಪ್ಪು ಹಾಕೋದು ನೀವೊಬ್ಬರೇ ಅಲ್ಲ. ಮನೆಯವರೂ ಕೂಲಿಗೆ ಬಂದ ಹೆಂಗಸರೂ ಇರ್ತಾರೆ. ಅವರಿಗೂ ಕಿವಿ ಇದೆ. ಕೇಳಿದ್ಮೇಲೆ ಅವರು ಏನಂತಾರೆ ಅನ್ನೋದನ್ನೂ ಕೇಳಿಸ್ಕೊಳ್ಳಿ.