ಮೂರು ದಿನದ ಪಾಠ, ಹದಿನೆಂಟು ಟನ್ ಗ್ಯಾಸು

ಅಡುಗೆ ಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ ನಾವೆಲ್ಲ ಏನು ಮಾಡುತ್ತೇವೆ? ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆಗೆದು, "ಲೈಟಿನ ಸ್ವಿಚ್ ಮುಟ್ಟಬೇಡ್ರೋ" ಅಂತ ಮಕ್ಕಳಿಗೆ ಕೂಗಿ ಹೇಳುತ್ತೇವೆ. 14.2 ಕಿಲೋ ಸಿಲಿಂಡರಿಗೆ ಇಷ್ಟು ಗಾಬರಿ. ಹೆದ್ದಾರಿಯಲ್ಲಿ ನಮ್ಮ ಬಸ್ಸಿಗೆ ಅಂಟಿಕೊಂಡೇ ಓಡುವ ಬುಲೆಟ್ ಟ್ಯಾಂಕರಿನಲ್ಲಿ ಸುಮಾರು 18 ಟನ್ ಇರುತ್ತದೆ. ಲೆಕ್ಕ ಹಾಕಿ ನೋಡಿ, ಸಾವಿರದ ಇನ್ನೂರಕ್ಕೂ ಹೆಚ್ಚು ಸಿಲಿಂಡರು! ಅದನ್ನು ಓಡಿಸುವವನಿಗೆ ಕಾನೂನು ಎಷ್ಟು ದಿನ ಪಾಠ ಹೇಳಿಸುತ್ತದೆ ಗೊತ್ತೇ? ಮೂರು ದಿನ.

ಇದು ನನ್ನ ಕಲ್ಪನೆಯಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 9ನೇ ನಿಯಮ ಅಂತ ಒಂದಿದೆ. ಅಪಾಯಕಾರಿ ಸರಕು ಸಾಗಿಸುವ ಚಾಲಕನಿಗೆ ಒಂದು ಭಾರತೀಯ ಭಾಷೆ ಮತ್ತು ಇಂಗ್ಲಿಷ್ ಓದಲು ಬರೆಯಲು ಬರಬೇಕು, ಮೂರು ದಿನದ ತರಬೇತಿ ಪಾಸಾಗಿರಬೇಕು. ಆ ಮೂರು ದಿನದಲ್ಲಿ ಮೊದಲೆರಡು ದಿನ ಪೂರ್ತಿ ಗಾಡಿ ಓಡಿಸುವ ಪಾಠ. ಉಳಿದ ಒಂದೇ ದಿನದಲ್ಲಿ ರಾಸಾಯನಿಕಗಳ ವರ್ಗೀಕರಣ, ಟ್ಯಾಂಕರಿನ ಮೇಲಿನ ಸಂಕೇತಗಳು, ಸೋರಿಕೆ, ಬೆಂಕಿ, ವಿಷಾನಿಲ, ಪ್ರಥಮ ಚಿಕಿತ್ಸೆ, ಕೆರೆ ಬಾವಿಗಳ ರಕ್ಷಣೆ ಎಲ್ಲ! ನಮ್ಮ ಕಾಲದ ಎಸ್ಸೆಸ್ಸೆಲ್ಸಿ ಟ್ಯೂಷನ್ ಮೇಷ್ಟ್ರು ಕೂಡ ಇಷ್ಟು ಅವಸರ ಮಾಡುತ್ತಿರಲಿಲ್ಲ.

ಆ ಮೂರು ದಿನವಾದರೂ ನೆಟ್ಟಗೆ ನಡೆಯುತ್ತದೆಯೇ? ನಾನಿರುವುದು ಚೆಂಬೂರಿನಲ್ಲಿ. ಮಾಹುಲ್ ಕಡೆಯ ರಿಫೈನರಿಗಳಿಗೆ ಹೋಗಿಬರುವ ಟ್ಯಾಂಕರುಗಳು ಇಲ್ಲಿ ಹಗಲು ರಾತ್ರಿ ಸಾಲುಗಟ್ಟಿರುತ್ತವೆ. ಚಹಾದ ಗಾಡಿ ಹತ್ತಿರ ಒಮ್ಮೆ ವಿಜಾಪುರದ ಕಡೆಯ ಚಾಲಕನೊಬ್ಬ ಸಿಕ್ಕಿದ. ಕನ್ನಡ ಕೇಳಿ ಅವನಿಗೂ ಖುಷಿ, ನನಗೂ ಖುಷಿ. ಟ್ರೇನಿಂಗಿನಲ್ಲಿ ಏನು ಕಲಿಸಿದರು ಅಂತ ಕೇಳಿದೆ. "ಕಲಸೂದೇನ್ ಬಂತ್ರೀ ಸರ, ಫೋಟೋ ಕೊಟ್ವಿ, ರೊಕ್ಕ ಕೊಟ್ವಿ, ಕಾಗದ ಬಂತು" ಅಂದ. ಕ್ಯಾಬಿನ್ನಿನಲ್ಲಿ ಇಟ್ಟುಕೊಂಡಿರಬೇಕಾದ ಟ್ರೆಮ್ ಕಾರ್ಡ್, ಅಂದರೆ ಅವಘಡವಾದರೆ ಏನು ಮಾಡಬೇಕು ಅಂತ ತಿಳಿಸುವ ಹಾಳೆ, ಅವನ ಬಳಿ ಇತ್ತು. ಪೂರ್ತಿ ಇಂಗ್ಲಿಷಿನಲ್ಲಿ. ಪೊಲೀಸರು ಕೇಳಿದಾಗ ತೋರಿಸಲಿಕ್ಕಂತೆ. ರೊಕ್ಕ ಯಾರದು ಅಂದರೆ ಅವನದೇ. ಮಾಲು ಕಂಪನಿಯದು, ಗಾಡಿ ಮಾಲೀಕನದು, ಲಾಭ ಇಬ್ಬರದ್ದು. ತರಬೇತಿಯ ಖರ್ಚು ಮಾತ್ರ ಸ್ಟೇರಿಂಗ್ ಹಿಡಿದವನದು!

ಕಾನೂನು ಹೀಗೆ ಹೇಳುತ್ತದೆಯೇ? ಇಲ್ಲವೇ ಇಲ್ಲ. ಅದೇ ಪುಸ್ತಕದ 135ನೇ ನಿಯಮ ನೋಡಿ. ಸರಕಿನ ಸ್ವರೂಪ ಏನು, ಅಪಾಯ ಏನು, ಗಾಡಿ ಓಡುವಾಗ ಮತ್ತು ನಿಂತಾಗ ವಹಿಸಬೇಕಾದ ಎಚ್ಚರವೇನು, ಅವಘಡವಾದರೆ ಮಾಡಬೇಕಾದ್ದೇನು, ಇಷ್ಟೂ ಚಾಲಕನಿಗೆ ಗೊತ್ತಿದೆ ಅಂತ ಮಾಲೀಕ ಖಾತ್ರಿಪಡಿಸಬೇಕು. ಅದೂ ಸರಕು ಕಳಿಸುವವನಿಗೆ ಸಮಾಧಾನವಾಗುವ ಹಾಗೆ. ಹೊಣೆ ಯಾರದು ಅಂತ ಇಷ್ಟು ಚೊಕ್ಕವಾಗಿ ಬರೆದಿಟ್ಟಿದ್ದಾರೆ. ಆದರೆ ಅಪಘಾತವಾದ ಮರುದಿನ ಪೇಪರಿನಲ್ಲಿ ಬರುವುದು ಒಂದೇ ಸಾಲು: ಚಾಲಕನ ನಿರ್ಲಕ್ಷ್ಯ. ಕೇಸು ಅವನ ಮೇಲೆ, ಅವನು ಬದುಕಿದ್ದರೆ.

2012ರ ಆಗಸ್ಟಿನಲ್ಲಿ ಕಣ್ಣೂರಿನ ಚಾಲಾದಲ್ಲಿ ಟ್ಯಾಂಕರ್ ಉರುಳಿ 20 ಜನ ಸತ್ತರು. ಎಂಟು ತಿಂಗಳು ಕಳೆಯುವಷ್ಟರಲ್ಲಿ, 2013ರ ಏಪ್ರಿಲ್ 9ರಂದು, ನಮ್ಮ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಅದೇ ಕಥೆ. 2024ರ ಡಿಸೆಂಬರ್ 20ರ ಬೆಳಗಿನ ಜಾವ ಜೈಪುರದ ಭಾಂಕ್ರೋಟಾದಲ್ಲಿ ಮತ್ತೆ ಅದೇ. ಈ ಗ್ಯಾಸು ಗಾಳಿಗಿಂತ ಭಾರ. ಮೇಲೇರಿ ಹೋಗುವುದಿಲ್ಲ, ನೆಲ ಹಿಡಿದು ಚರಂಡಿಗೆ, ಅಂಗಳಕ್ಕೆ, ಒಲೆಯ ಬುಡಕ್ಕೆ ಹರಿಯುತ್ತದೆ. ಸೋರಿಕೆಗೂ ಕಿಡಿಗೂ ನಡುವೆ ಕೆಲವೊಮ್ಮೆ ಸಿಗುವ ನಾಲ್ಕಾರು ನಿಮಿಷದಲ್ಲಿ ಎಷ್ಟು ಜೀವ ಉಳಿಯುತ್ತದೆ ಅನ್ನುವುದು, ಅಲ್ಲಿರುವವರಿಗೆ ಏನು ಗೊತ್ತಿದೆ ಅನ್ನುವುದರ ಮೇಲೆ ನಿಂತಿದೆ. ಯಾವ ಕಡೆ ಓಡಬೇಕು, ಯಾರ ಒಲೆ ಆರಿಸಬೇಕು, ರಸ್ತೆಯನ್ನು ಎಷ್ಟು ದೂರದಲ್ಲಿ ತಡೆಯಬೇಕು. ಅಲ್ಲಿರುವವರೆಂದರೆ ಚಾಲಕನೊಬ್ಬನೇ ಅಲ್ಲ. ಕ್ಲೀನರ್ ಇದ್ದಾನೆ, ಮೊದಲು ಓಡಿಬರುವ ಪೇದೆ ಇದ್ದಾನೆ. 9ನೇ ನಿಯಮಕ್ಕೆ ಇವರಿಬ್ಬರೂ ಕಾಣುವುದೇ ಇಲ್ಲ.

ಇಲ್ಲಿಯವರೆಗೆ ಹೇಳಿದ್ದು ಸುರಕ್ಷತೆಯ ಮಾತು. ಭದ್ರತೆ ಬೇರೆ. ತಾನಾಗಿ ಆಗುವ ಅವಘಡ ಒಂದು, ಯಾರೋ ಬೇಕೆಂದೇ ಸರಕಿಗೆ ಕೈ ಹಾಕುವುದು ಇನ್ನೊಂದು. ಈ ಎರಡನೆಯದರ ಬಗ್ಗೆ ಆ ಮೂರು ದಿನದ ಪಠ್ಯದಲ್ಲಿ ಒಂದು ಗಂಟೆಯೂ ಇಲ್ಲ. 2010ರಲ್ಲಿ ರಾಜಸ್ಥಾನದ ಧೋಲ್‌ಪುರದಿಂದ ಮಧ್ಯಪ್ರದೇಶದ ಸಾಗರಕ್ಕೆ ಹೊರಟ ಹತ್ತಾರು ಲಾರಿ ಸ್ಫೋಟಕ ಎಲ್ಲಿ ಹೋಯಿತು ಅಂತ ಹುಡುಕಾಡಿದ್ದು ನೆನಪಿದೆಯೇ? ನಮ್ಮಲ್ಲೂ 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟಕ ತುಂಬಿದ ಲಾರಿ ಸಿಡಿಯಿತು. ಮರು ತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಬಚ್ಚಿಟ್ಟ ಜಿಲೆಟಿನ್ ಕಡ್ಡಿಗಳನ್ನು ವಿಲೇವಾರಿ ಮಾಡಲು ಹೋಗಿ 6 ಮಂದಿ ಛಿದ್ರವಾದರು. ಸತ್ತವರಲ್ಲಿ ಕೂಲಿಯವರೂ ಇದ್ದರು. ಈ ಮಾಲು ಎಲ್ಲಿಂದ ಬಂತು, ಕಾಗದ ಎಲ್ಲಿ, ಇಂಥದ್ದನ್ನು ಹೊರುವುದಿಲ್ಲ ಅನ್ನುವ ಹಕ್ಕು ನಿನಗಿದೆ ಅಂತ ಅವರಿಗೆ ಯಾರಾದರೂ ಹೇಳಿದ್ದರೇ?

ಅಮೆರಿಕವನ್ನು ಹೊಗಳುವ ಚಾಳಿ ನನಗಿಲ್ಲ, ಆದರೂ ಇದೊಂದು ವಿಷಯ ಹೇಳಲೇಬೇಕು. 2001ರ ದಾಳಿಯಾದ ಮೇಲೆ, 2003ರಲ್ಲಿ ಅವರು ಭದ್ರತಾ ತರಬೇತಿಯನ್ನೂ ಕಡ್ಡಾಯ ಮಾಡಿದರು. ಚಾಲಕನಿಗಷ್ಟೇ ಅಲ್ಲ, ಲೋಡ್ ಮಾಡುವವನು, ಪ್ಯಾಕ್ ಮಾಡುವವನು, ಕಾಗದಪತ್ರ ತಯಾರಿಸುವವನು ಎಲ್ಲರಿಗೂ. ಕೆಲಸಕ್ಕೆ ಸೇರಿದ 90 ದಿನದೊಳಗೆ ಒಮ್ಮೆ, ಆಮೇಲೆ ಮೂರು ವರ್ಷಕ್ಕೊಮ್ಮೆ. ಕೊಡಿಸುವ ಹೊಣೆ ಕೆಲಸ ಕೊಟ್ಟವನದು, ದಾಖಲೆ ಇಡಬೇಕಾದವನೂ ಅವನೇ. ನಾವು ಮಾಡಿದ್ದೇನು? ವರ್ಷಕ್ಕೊಮ್ಮೆ ನವೀಕರಿಸಬೇಕಿದ್ದ ಪರವಾನಗಿಯನ್ನು 2019ರ ತಿದ್ದುಪಡಿಯಲ್ಲಿ ಮೂರು ವರ್ಷಕ್ಕೆ ಎಳೆದೆವು. ನಿಯಮ ಮುರಿದರೆ ಮೊದಲ ಸಲಕ್ಕೆ ದಂಡ 10,000 ರೂಪಾಯಿ. ಟ್ಯಾಂಕರಿನೊಳಗಿನ ಗ್ಯಾಸು ಇವತ್ತಿನ ಸಿಲಿಂಡರ್ ದರದಲ್ಲಿ 10 ಲಕ್ಷಕ್ಕೂ ಮಿಕ್ಕಿದ್ದು. ಈ ದಂಡಕ್ಕೆ ಯಾವ ಕಂಪನಿ ಹೆದರುತ್ತದೆ, ನೀವೇ ಹೇಳಿ.

"ಓದು ಬರಹ ಸರಿಯಾಗಿ ಬಾರದವರಿಗೆ ಏನು ಕಲಿಸಿದರೂ ಅಷ್ಟೇ" ಅನ್ನುವವರಿದ್ದಾರೆ. ನಾಲ್ಕು ರಾಜ್ಯದ ಚೆಕ್‌ಪೋಸ್ಟು, ಘಾಟಿಯ ಪ್ರತಿ ತಿರುವು, ಯಾವ ಢಾಬಾದಲ್ಲಿ ಡೀಸೆಲ್ ಕದಿಯುತ್ತಾರೆ ಅನ್ನುವುದೆಲ್ಲ ಬಾಯಿಪಾಠ ಇರುವವನಿಗೆ ಒಂದು ವಾಲ್ವ್ ಬಗ್ಗೆ ಹೇಳಿದರೆ ತಿಳಿಯುವುದಿಲ್ಲವೇ? ಅವನ ಭಾಷೆಯಲ್ಲಿ ಹೇಳಿ ನೋಡಿ. ತರಬೇತಿಯಿಂದ ಅಪಘಾತಗಳೆಲ್ಲ ನಿಲ್ಲುತ್ತವೆಯೇ ಅಂತಲೂ ಕೇಳುತ್ತಾರೆ. ನಿಲ್ಲುವುದಿಲ್ಲ. ರಸ್ತೆ ಕೆಟ್ಟದ್ದಿದ್ದರೆ, ಎದುರಿನವನು ಬಂದು ಗುದ್ದಿದರೆ ಯಾವ ಸರ್ಟಿಫಿಕೇಟೂ ತಡೆಯುವುದಿಲ್ಲ. ಆದರೆ ಒಂದು ಸಾವಿನ ಜಾಗದಲ್ಲಿ ಇಪ್ಪತ್ತಾಗುವುದನ್ನು ತಡೆಯಬಹುದು.

ಹೊಸ ಕಾನೂನೇ ಬೇಕು ಅಂತ ಕಾಯಬೇಕಿಲ್ಲ. ಮಾಲು ತುಂಬುವ ಗೇಟಿನಲ್ಲೇ 135ನೇ ನಿಯಮ ಜಾರಿಯಾಗಲಿ. ಚಾಲಕನನ್ನು ಅವನ ಭಾಷೆಯಲ್ಲಿ ನಾಲ್ಕು ಪ್ರಶ್ನೆ ಕೇಳಲಿ, ಉತ್ತರ ಬಾರದಿದ್ದರೆ ತುಂಬುವುದು ಬೇಡ. ಟ್ರೆಮ್ ಕಾರ್ಡ್ ಅವನು ಓದುವ ಭಾಷೆಯಲ್ಲಿರಲಿ. ತರಬೇತಿಯ ಶುಲ್ಕವನ್ನೂ ಅಷ್ಟು ದಿನದ ಸಂಬಳವನ್ನೂ ಮಾಲೀಕ ಕೊಡಲಿ. ಕ್ಲೀನರು, ಲೋಡರು, ಹೆದ್ದಾರಿ ಠಾಣೆಯ ಪೇದೆ ಮೂವರನ್ನೂ ಪಾಠಕ್ಕೆ ಕೂರಿಸಲಿ, ಅದರಲ್ಲಿ ಒಂದು ದಿನ ಭದ್ರತೆಗೇ ಇರಲಿ.

ಮುಂದಿನ ರಜೆಗೆ ನೀವೂ ನಾವೂ ಊರಿನ ಬಸ್ಸು ಹತ್ತುವವರೇ. ಪಕ್ಕದಲ್ಲಿ ಓಡುವ ಟ್ಯಾಂಕರಿನ ಚಾಲಕನಿಗೆ ಒಳಗೇನಿದೆ ಅಂತ ಸರಿಯಾಗಿ ಗೊತ್ತಿರಲಿ ಅನ್ನುವುದು ದೊಡ್ಡ ಬೇಡಿಕೆಯೇ? ಏನಂತೀರಾ?