ಓದಲಾಗದ ಕಾಗದಕ್ಕೆ ಸಹಿ ಯಾಕೆ?

ಈಚೆಗೆ ನೀವು ಸಹಿ ಹಾಕಿದ ಸರ್ಕಾರಿ ಕಾಗದದಲ್ಲಿ ಎಂತ ಬರೆದಿತ್ತು, ಗೊತ್ತುಂಟಾ? ಕಾಸರಗೋಡಿನ ನಮ್ಮಲ್ಲಿ ಹೆಚ್ಚಿನವರ ಉತ್ತರ ಒಂದೇ: "ಎಲ್ಲಿ ಅಂತ ಬೆರಳಿಟ್ಟು ತೋರಿಸಿದರು, ಹಾಕಿದೆವು." ಇಲ್ಲಿ ಮಲಯಾಳ, ಅಕ್ಕಲಕೋಟೆಯಲ್ಲಿ ಮರಾಠಿ, ತಾಳವಾಡಿಯಲ್ಲಿ ತಮಿಳು, ಆದೋನಿಯಲ್ಲಿ ತೆಲುಗು. ಲಿಪಿ ಬೇರೆ, ಕಥೆ ಅದೇ.

ನಮ್ಮ ನೆರೆಮನೆಯ ಅಜ್ಜನ ಬೇಲಿ ಕಿತ್ತು ಹೊಡೆಯಲು ಬಂದರು. ಅಜ್ಜ ಠಾಣೆಗೆ ಹೋದರು. ಹೇಳಿದ್ದು ಕನ್ನಡದಲ್ಲಿ, ಬರೆದುಕೊಂಡದ್ದು ಮಲಯಾಳದಲ್ಲಿ. ವಾರ ಕಳೆದ ಮೇಲೆ ಮೊಮ್ಮಗಳು ಆ ಕಾಗದ ಓದಿದಳು: "ರಾಜಿಯಾಗಿದೆ, ಇನ್ನು ದೂರಿಲ್ಲ." ಅಜ್ಜ ಅದಕ್ಕೆ ಸಹಿ ಹಾಕಿ ಬಂದಿದ್ದರು! ಮೋಸ ಅಂತ ನಾವು ಹೇಳುವುದಿಲ್ಲ, ಬರೆದವರಿಗೆ ಅಜ್ಜನ ಮಾತು ತಿಳಿಯದೆಯೂ ಇದ್ದಿರಬಹುದು. ಬೇಲಿ ಮಾತ್ರ ಹೋಯಿತು.

ಬ್ಯಾಂಕಿನ ಕೌಂಟರಿನಲ್ಲಿ ಕೂರುವ ನಮಗೆ ಗೊತ್ತು. ಇಂಗ್ಲಿಷ್ ಸಾಲಪತ್ರಕ್ಕೆ ಗಿರಾಕಿ ಕನ್ನಡದಲ್ಲಿ ಸಹಿ ಹಾಕಿದರೆ, 'ಇದನ್ನು ನನಗೆ ತಿಳಿಯುವ ಭಾಷೆಯಲ್ಲಿ ವಿವರಿಸಿದ್ದಾರೆ' ಎಂಬ ಇನ್ನೊಂದು ಹೇಳಿಕೆ ಬರೆಸಿಕೊಳ್ಳುತ್ತೇವೆ. (ಅದನ್ನೂ ಓದದೆ ಸಹಿ ಹಾಕುವವರೇ ಜಾಸ್ತಿ, ಬಿಡಿ.) ಸಾಲ ವಸೂಲಿಗೆ ಇಷ್ಟು ಎಚ್ಚರ ಇರುವಾಗ, ಮನುಷ್ಯನ ಸ್ವಾತಂತ್ರ್ಯಕ್ಕೆ ಅದಕ್ಕಿಂತ ಕಡಿಮೆ ಸಾಕಾ?

ಸಾಲದು ಅಂತ ಸುಪ್ರೀಂ ಕೋರ್ಟ್ 1962ರಲ್ಲೇ ಹೇಳಿದೆ. ಹರಿಕಿಸನ್ ಎಂಬವರಿಗೆ ಮುಂಜಾಗ್ರತಾ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟಿದ್ದರು. ಅವರು ಹಿಂದಿಯಲ್ಲಿ ಕೇಳಿದರೂ ಕೊಡಲಿಲ್ಲ, ಬಾಯಲ್ಲಿ ಅನುವಾದಿಸಿ ಹೇಳಿದ್ದೇವೆ ಎಂದರು. ಕೋರ್ಟ್ ಆ ಬಂಧನವನ್ನೇ ರದ್ದು ಮಾಡಿತು. 2025ರ ನವೆಂಬರಿನಲ್ಲಿ ಅದೇ ಕೋರ್ಟ್, ಯಾವ ಅಪರಾಧಕ್ಕೆ ಬಂಧಿಸಿದರೂ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು ಎಂದಿದೆ.

ದೂರಿಗೂ ನಿಯಮ ಉಂಟು. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ, ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು, ಹೇಳಿದವರಿಗೆ ಓದಿ ಹೇಳಿದ ಮೇಲೆಯೇ ಸಹಿ. ಎಫ್‌ಐಆರ್ ಪ್ರತಿ ಪುಕ್ಕಟೆ. ತಿಳಿಯದ ಭಾಷೆಯಲ್ಲಿ ಓದಿದರೆ ಅದು ಎಂತ ಓದು? ಸಂವಿಧಾನದ 350ನೇ ವಿಧಿಯಂತೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಕೊಡಬಹುದು. ಕೇರಳದ್ದೇ 1969ರ ಅಧಿಕೃತ ಭಾಷೆಗಳ ಕಾಯ್ದೆ ನಮಗೆ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಲು, ಕನ್ನಡದಲ್ಲೇ ಉತ್ತರ ಪಡೆಯಲು ಅವಕಾಶ ಕೊಟ್ಟಿದೆ.

ಮಲಯಾಳ ಕಲಿಯಬೇಡಿ ಅಂತಲ್ಲ. ಕಲಿತವರು ಕಾನೂನು ಸೇವಾ ಪ್ರಾಧಿಕಾರದ ಅರೆಕಾನೂನು ಸ್ವಯಂಸೇವಕರಾಗಿ ಸೇರಿ, ನಮ್ಮವರ ಜೊತೆ ಠಾಣೆಗೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರು ಉಚಿತ ಎಂಬುದೇ ಎಷ್ಟೋ ಜನರಿಗೆ ಗೊತ್ತಿಲ್ಲ. ರಾಜ್ಯೋತ್ಸವದ ಮೆರವಣಿಗೆಗೆ ನಾವೆಲ್ಲ ಸೇರುತ್ತೇವೆ. ಆ ದಿನ ಅಜ್ಜನ ಜೊತೆ ಮಾತ್ರ ನಮ್ಮಲ್ಲಿ ಒಬ್ಬನೂ ಹೋಗಿರಲಿಲ್ಲ.

ಈಗ ಅಜ್ಜ ಹೇಳಿದ್ದನ್ನು ಹೇಳಿದ ಹಾಗೆ ಕನ್ನಡದಲ್ಲಿ ಬರೆದು ಮತ್ತೆ ಕೊಟ್ಟಿದ್ದೇವೆ, ನಕಲಿಗೆ ಸೀಲು ಹಾಕಿಸಿಕೊಂಡಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.